ಡಿಗ್ರಿ ಮುಗಿಸದ ಡಾನ್ ಪೆಪೆ

ಪ್ರತಿ ಸಲ ಸೆಮಿಸ್ಟರ್ ರಿಸಲ್ಟ್ ಬಂದ ರಾತ್ರಿ ನಮ್ಮ ಹಾಸ್ಟೆಲ್‌ನಲ್ಲಿ ಒಂದು ಮಾತು ಬಂದೇ ಬರುತ್ತೆ. ಎಂಜಿನಿಯರಿಂಗ್ ಬಿಟ್ಟುಬಿಡೋಣ ಮಗಾ, ಬಿಟ್ಟವರೇ ಉದ್ಧಾರ ಆಗಿರೋದು ಅಂತ. ಆಮೇಲೆ ಅದೇ ಹೆಸರುಗಳು, ಬಿಲ್ ಗೇಟ್ಸ್, ಸ್ಟೀವ್ ಜಾಬ್ಸ್, ಜುಕರ್‌ಬರ್ಗ್. ಬೆಳಿಗ್ಗೆ ಎಂಟೂವರೆ ಕ್ಲಾಸಿಗೆ ಎಲ್ಲರೂ ಹಾಜರ್, ಆ ಮಾತು ಬೇರೆ.

ಈ ಸಲ ನಾವು ಹೇಳೋಕೆ ಹೊರಟಿರುವ ಮನುಷ್ಯನೂ ಎಂಜಿನಿಯರಿಂಗ್ ಓದ್ತೀನಿ ಅಂತ ದೂರದ ದೇಶಕ್ಕೆ ಹೋಗಿ ಡಿಗ್ರಿ ಇಲ್ಲದೆ ವಾಪಸ್ ಬಂದವನು. ಬಂದು ಹಗ್ಗದ ಫ್ಯಾಕ್ಟರಿ ಹಾಕಿದ. ಆಮೇಲೆ ಒಂದು ಅಂತರ್ಯುದ್ಧ ಶುರು ಮಾಡಿ ಗೆದ್ದ. 18 ತಿಂಗಳು ಸಂಸತ್ತೇ ಇಲ್ಲದೆ ದೇಶ ಆಳಿದ. ಅದರ ಮಧ್ಯೆ ಸೈನ್ಯವನ್ನು ಮುಚ್ಚಿದ. ಕೊನೆಗೆ, ಒಪ್ಪಿಕೊಂಡ ದಿನಕ್ಕೆ ಸರಿಯಾಗಿ ಕುರ್ಚಿ ಬಿಟ್ಟು ಎದ್ದು ಹೋದ.

ಹೆಸರು ಹೊಸೆ ಫಿಗೇರೆಸ್ ಫೆರೆರ್. ದೇಶ ಕೋಸ್ಟಾ ರಿಕಾ. ಉತ್ತರ ಅಮೆರಿಕ ಮತ್ತು ದಕ್ಷಿಣ ಅಮೆರಿಕವನ್ನು ಜೋಡಿಸುವ ಆ ಸಣ್ಣ ಪಟ್ಟಿಯಲ್ಲಿ, ನಿಕರಾಗುವಾ ಮತ್ತು ಪನಾಮಾ ನಡುವೆ ಇದೆ. ಫುಟ್‌ಬಾಲ್ ವರ್ಲ್ಡ್ ಕಪ್ ನೋಡೋರಿಗೆ ಹೆಸರು ಗೊತ್ತಿರುತ್ತೆ. ಅಲ್ಲಿನ ಜನ ಅವನನ್ನು ಡಾನ್ ಪೆಪೆ ಅಂತ ಕರೀತಿದ್ರು. ಹೊಸೆ ಅನ್ನೋ ಹೆಸರಿಗೆ ಪೆಪೆ ಅನ್ನೋದು ಮನೆಯಲ್ಲಿ ಕರೆಯೋ ಹೆಸರು, ಡಾನ್ ಅಂದರೆ ಯಜಮಾನರೇ ಅನ್ನೋ ಥರದ ಗೌರವ. ಸಿನಿಮಾದ ಡಾನ್ ಅಲ್ಲ. ಅವನು, ಇವನು ಅಂತ ನಾವು ಬರೀತಿರೋದು ಗೌರವ ಕಡಿಮೆ ಅಂತಲ್ಲ, ಆ ಪೆಪೆ ಅನ್ನೋ ಸಲಿಗೆಯಿಂದ.

ಫಿಗೇರೆಸ್ ಹುಟ್ಟಿದ್ದು 1906ರ ಸೆಪ್ಟೆಂಬರ್ 25, ಸಾನ್ ರಮೋನ್ ಅನ್ನೋ ಬೆಟ್ಟದ ಊರಿನಲ್ಲಿ. ಅಪ್ಪ ಡಾಕ್ಟರ್, ಅಮ್ಮ ಟೀಚರ್. ಇಬ್ಬರೂ ಸ್ಪೇನಿನ ಕತಲೋನಿಯಾದಿಂದ ಬಂದವರು. ಹಾಗಾಗಿ ಮನೆಮಾತು ಕತಲಾನ್, ಊರಿನ ಮಾತು ಸ್ಪ್ಯಾನಿಷ್. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು ಅನ್ನೋದು ನಮ್ಮಲ್ಲಿ ತುಂಬಾ ಜನಕ್ಕೆ ಹೊಸದೇನಲ್ಲ.

ಅವನಿಗೆ ಹತ್ತು ವರ್ಷ ಇದ್ದಾಗ, 1917ರ ಜನವರಿಯಲ್ಲಿ, ದೇಶದ ಯುದ್ಧ ಮಂತ್ರಿಯಾಗಿದ್ದ ಫೆದೆರಿಕೊ ತಿನೊಕೊ ಬ್ಯಾರಕ್‌ಗಳನ್ನು ಕೈಗೆ ತೆಗೆದುಕೊಂಡು ಸರ್ಕಾರ ಉರುಳಿಸಿ ಸರ್ವಾಧಿಕಾರಿ ಆದ. ಎರಡೂವರೆ ವರ್ಷ ನಡೆಯಿತು ಆ ಆಟ, 1919ರಲ್ಲಿ ಮುಗಿಯಿತು. ಬೇರೆ ದೇಶಗಳ ಸರ್ವಾಧಿಕಾರಗಳ ಮುಂದೆ ಇದು ಚಿಕ್ಕದು. ಆದರೆ ಸೈನ್ಯದ ಬೀಗದ ಕೈ ಯಾರ ಹತ್ತಿರ ಇರುತ್ತೋ ಅವರಿಗೆ ಚುನಾವಣೆ ಲೆಕ್ಕಕ್ಕಿಲ್ಲ ಅನ್ನೋದನ್ನು ಆ ದೇಶ ಒಂದು ಸಲ ಕಣ್ಣಾರೆ ನೋಡಿತ್ತು. ಇದು ಮುಂದೆ ಬೇಕಾಗುತ್ತೆ, ನೆನಪಿರಲಿ.

1924ರಲ್ಲಿ ಹುಡುಗ ಅಮೆರಿಕದ ಬೋಸ್ಟನ್‌ಗೆ ಹೊರಟ. ಎಂಐಟಿಯಲ್ಲಿ ಎಂಜಿನಿಯರಿಂಗ್ ಓದಬೇಕು, ನೀರಿನಿಂದ ಕರೆಂಟ್ ತೆಗೆಯುವುದನ್ನು ಕಲಿಯಬೇಕು ಅನ್ನೋದು ಪ್ಲಾನ್. ಹೊಟ್ಟೆಪಾಡಿಗೆ ಒಂದು ಚಹಾ ಕಂಪನಿಯಲ್ಲಿ ಕೆಲಸ. ಪ್ಲಾನ್ ಕೈಗೂಡಲಿಲ್ಲ. ಅದರ ಬದಲು ಬೋಸ್ಟನ್‌ನ ಸಾರ್ವಜನಿಕ ಗ್ರಂಥಾಲಯದಲ್ಲಿ ಕೂತು ಸಿಕ್ಕಿದ್ದನ್ನೆಲ್ಲ ಓದಿದ. ತತ್ವಶಾಸ್ತ್ರ, ಅರ್ಥಶಾಸ್ತ್ರ, ಸಮಾಜವಾದ, ಏನು ಸಿಕ್ಕಿದರೆ ಅದು. ತಾನು ನಿಜವಾಗಿ ಓದಿದ ಕಾಲೇಜು ಆ ಲೈಬ್ರರಿಯೇ ಅನ್ನೋ ಅರ್ಥದಲ್ಲಿ ಆಮೇಲೆ ಹೇಳಿಕೊಳ್ಳುತ್ತಿದ್ದ. ಅಟೆಂಡೆನ್ಸ್ ಶಾರ್ಟೇಜ್ ಇರೋರು ಇದನ್ನು ಲೆಕ್ಚರರ್ ಮುಂದೆ ಹೇಳೋಕೆ ಹೋಗಬೇಡಿ.

1928ರಲ್ಲಿ ವಾಪಸ್ ಬಂದ. ರಾಜಧಾನಿ ಸಾನ್ ಹೊಸೆಯ ದಕ್ಷಿಣಕ್ಕೆ ಇರುವ ಬೆಟ್ಟಗಳಲ್ಲಿ, ಯಾರಿಗೂ ಬೇಡವಾಗಿದ್ದ ಜಮೀನು ಕೊಂಡ. ಅದಕ್ಕೆ ಇಟ್ಟ ಹೆಸರು ಲಾ ಲೂಚಾ ಸಿನ್ ಫಿನ್. ಕೊನೆಯಿಲ್ಲದ ಹೋರಾಟ ಅಂತ ಅರ್ಥ. ಮೊದಲ ವರ್ಷಗಳಲ್ಲಿ ಅದು ಹೆಸರಿಗೆ ತಕ್ಕ ಹಾಗೇ ಇತ್ತು, ಸಾಲ, ಮಳೆ, ಇಳಿಜಾರು. ಅಲ್ಲಿ ಅವನು ಬೆಳೆದದ್ದು ಕಬೂಯಾ. ನಮ್ಮ ಕಡೆ ಹೊಲದ ಬೇಲಿಗೆ ಹಾಕೋ ಕತ್ತಾಳೆಯ ಸಂಬಂಧಿ ಅನ್ನಬಹುದು, ಎಲೆಯಿಂದ ನಾರು ಬರುತ್ತೆ. ಆ ನಾರಿನಿಂದ ಹಗ್ಗ, ಕಾಫಿ ತುಂಬುವ ಚೀಲ. ಕಾಫಿಯೇ ದೇಶದ ಜೀವಾಳ ಆಗಿದ್ದ ಕಡೆ ಕಾಫಿ ಚೀಲಕ್ಕೆ ಯಾವಾಗಲೂ ಬೇಡಿಕೆ. ಎಲ್ಲರೂ ಕಾಫಿ ಬೆಳೆಯೋವಾಗ ಚೀಲ ಮಾಡಿ ಮಾರಿದ್ದು ಬುದ್ಧಿವಂತಿಕೆ ಅಂತ ನಮಗನ್ನಿಸುತ್ತೆ. ಅಲ್ಲಿನ ಕೆಲಸಗಾರರಿಗೆ ಮನೆ, ವೈದ್ಯರು, ಮಕ್ಕಳಿಗೆ ಹಾಲು ಇಂಥವನ್ನೂ ಮಾಡಿದ. ತನ್ನನ್ನು ರೈತ ಅಂತಲೂ ಸಮಾಜವಾದಿ ಅಂತಲೂ ಒಟ್ಟಿಗೆ ಕರೆದುಕೊಳ್ಳುತ್ತಿದ್ದ ಮನುಷ್ಯ, ಎಸ್ಟೇಟ್ ಯಜಮಾನ ಕೂಡ. ಈ ಗೊಂದಲ ಅವನಲ್ಲಿ ಕೊನೆಯವರೆಗೂ ಇತ್ತು.

ಈಗ ಸ್ವಲ್ಪ ರಾಜಕೀಯ. 1940ರಲ್ಲಿ ರಫಾಯೆಲ್ ಆಂಹೆಲ್ ಕಾಲ್ಡೆರೋನ್ ಗ್ವಾರ್ದಿಯಾ ಅಧ್ಯಕ್ಷನಾದ. ವೃತ್ತಿಯಿಂದ ಡಾಕ್ಟರ್. ಕಾರ್ಮಿಕರಿಗೆ ಆರೋಗ್ಯ ವಿಮೆ ತಂದವನು, 1943ರಲ್ಲಿ ಕಾರ್ಮಿಕ ಕಾನೂನು ತಂದವನು, ವಿಶ್ವವಿದ್ಯಾಲಯ ತೆರೆದವನು ಅವನೇ. ಇದಕ್ಕೆ ಬೆಂಬಲ ಕೊಟ್ಟವರು ಮನ್ವೆಲ್ ಮೋರಾ ನಾಯಕತ್ವದ ಕಮ್ಯುನಿಸ್ಟರು ಮತ್ತು, ನಂಬಿದರೆ ನಂಬಿ, ಕ್ಯಾಥೊಲಿಕ್ ಆರ್ಚ್‌ಬಿಷಪ್. ಜೊತೆಗೆ ಅವನ ಸರ್ಕಾರದ ಮೇಲೆ ಭ್ರಷ್ಟಾಚಾರದ, ಚುನಾವಣೆ ಕೆಡಿಸಿದ ಆರೋಪಗಳೂ ಇದ್ದವು. ಅಂದರೆ ಇವನು ಖಳನಾಯಕ, ಫಿಗೇರೆಸ್ ಹೀರೋ ಅಂತ ಪೋಸ್ಟರ್ ಹಾಕೋಕೆ ಬರಲ್ಲ.

1942ರ ಜುಲೈ 2ರಂದು ಲಿಮೋನ್ ಬಂದರಿನಲ್ಲಿ ಜರ್ಮನ್ ಸಬ್‌ಮರೀನ್ ಒಂದು ಹಡಗನ್ನು ಮುಳುಗಿಸಿತು. ಎರಡು ದಿನ ಬಿಟ್ಟು ರಾಜಧಾನಿಯಲ್ಲಿ ದೊಂಬಿ, ಜರ್ಮನ್ ಮತ್ತು ಇಟಾಲಿಯನ್ ಹೆಸರಿನ ಅಂಗಡಿಗಳ ಲೂಟಿ. ಸರ್ಕಾರ ನೋಡ್ತಾ ನಿಂತಿತ್ತು ಅನ್ನೋ ಸಿಟ್ಟು ಫಿಗೇರೆಸ್‌ಗೆ. ಜುಲೈ 8ರಂದು ರೇಡಿಯೋದಲ್ಲಿ ಸಮಯ ಕೊಂಡು ಸರ್ಕಾರವನ್ನು ಬೈಯೋಕೆ ಶುರು ಮಾಡಿದ. ಭಾಷಣ ಮುಗಿಯುವ ಮೊದಲೇ ಪೊಲೀಸರು ಸ್ಟುಡಿಯೋ ಒಳಗೆ ಬಂದು ಎಳೆದುಕೊಂಡು ಹೋದರು. ಅಲ್ಲಿಂದ ಗಡೀಪಾರು. ಎರಡು ವರ್ಷ ಮೆಕ್ಸಿಕೋದಲ್ಲಿ. ಅಲ್ಲಿಯವರೆಗೆ ಹೆಸರೇ ಗೊತ್ತಿಲ್ಲದ ಕತ್ತಾಳೆ ಬೆಳೆಗಾರನನ್ನು ಒಂದೇ ಸಂಜೆಯಲ್ಲಿ ದೇಶಕ್ಕೆಲ್ಲ ಪರಿಚಯ ಮಾಡಿಸಿದ್ದು ಸರ್ಕಾರವೇ.

ಮೆಕ್ಸಿಕೋದಲ್ಲಿ ಅವನು ಸುಮ್ಮನೆ ಕೂರಲಿಲ್ಲ. ಕೆರಿಬಿಯನ್ ಸುತ್ತಲಿನ ಬೇರೆ ಬೇರೆ ದೇಶಗಳಿಂದ ಓಡಿಬಂದವರ ಜೊತೆ ಸೇರಿ ಬಂದೂಕಿನ ಲೆಕ್ಕ ಹಾಕಿದ. 1944ರಲ್ಲಿ ವಾಪಸ್ ಬಂದಾಗಲೇ ಅವನಿಗೆ ಚುನಾವಣೆಯ ಮೇಲೆ ನಂಬಿಕೆ ಹೋಗಿತ್ತು. ಇದನ್ನು ಮುಚ್ಚಿಡೋದು ಬೇಡ. ಬೇರೆಯವರು ಮತದಾರರ ಪಟ್ಟಿ ಹಿಡಿದು ಓಡಾಡುತ್ತಿದ್ದಾಗ ಇವನು ಶಸ್ತ್ರ ಹುಡುಕುತ್ತಿದ್ದ. 1947ರಲ್ಲಿ ವಿರೋಧ ಪಕ್ಷದವರು ಅಂಗಡಿ, ಬ್ಯಾಂಕು, ಕಚೇರಿ ಮುಚ್ಚಿಸಿ ಹಲವು ದಿನ ಮುಷ್ಕರ ಮಾಡಿದರು, ಹೆಂಗಸರು ಬೀದಿಗಿಳಿದರು. ಚುನಾವಣೆಯನ್ನು ಸ್ವತಂತ್ರ ಮಂಡಳಿಯೇ ನಡೆಸಬೇಕು ಅಂತ ಸರ್ಕಾರದಿಂದ ಒಪ್ಪಿಗೆ ಪಡೆದರು.

1948ರ ಫೆಬ್ರವರಿ 8ಕ್ಕೆ ಚುನಾವಣೆ. ಒಂದು ಕಡೆ ಮತ್ತೆ ಕಾಲ್ಡೆರೋನ್. ಇನ್ನೊಂದು ಕಡೆ ಪತ್ರಿಕೆಯ ಮಾಲೀಕ ಒತೀಲಿಯೊ ಉಲಾತೆ. ಫಿಗೇರೆಸ್ ಅಭ್ಯರ್ಥಿಯೇ ಅಲ್ಲ. ಉಲಾತೆ ಗೆದ್ದ ಅಂತ ಚುನಾವಣಾ ಮಂಡಳಿಯ ಬಹುಮತ ಹೇಳಿತು. ಮೋಸ ಆಗಿದೆ ಅಂತ ಕಾಲ್ಡೆರೋನ್ ಕಡೆಯವರು. ಅಷ್ಟರಲ್ಲಿ ಮತಪತ್ರ ಇಟ್ಟಿದ್ದ ಶಾಲೆಗೆ ಬೆಂಕಿ. ಮಾರ್ಚ್ 1ರಂದು ಕಾಲ್ಡೆರೋನ್ ಬೆಂಬಲಿಗರೇ ಹೆಚ್ಚಿದ್ದ ಸಂಸತ್ತು ಅಧ್ಯಕ್ಷ ಚುನಾವಣೆಯ ಫಲಿತಾಂಶವನ್ನು ರದ್ದು ಮಾಡಿತು. ಮಾರ್ಚ್ 12ಕ್ಕೆ ಲಾ ಲೂಚಾ ಬೆಟ್ಟದಿಂದ ಯುದ್ಧ ಶುರು.

44 ದಿನದ ಯುದ್ಧ. ಮೊದಲ ದಿನವೇ ಫಿಗೇರೆಸ್‌ನ ಹುಡುಗರು ಸಾನ್ ಇಸಿದ್ರೊ ಅನ್ನೋ ಊರಿನ ಏರ್‌ಸ್ಟ್ರಿಪ್ ಹಿಡಿದು, ಅಲ್ಲಿದ್ದ ಪ್ರಯಾಣಿಕರ ವಿಮಾನಗಳನ್ನು ವಶಕ್ಕೆ ತೆಗೆದುಕೊಂಡರು. ಅವು ಗ್ವಾಟೆಮಾಲಾಕ್ಕೆ ಹೋಗಿ ಬಂದೂಕು, ಮದ್ದುಗುಂಡು ತುಂಬಿಕೊಂಡು ಬಂದವು. ಅಲ್ಲಿನ ಅಧ್ಯಕ್ಷ ಅರೆವಾಲೊ ಕೊಟ್ಟ ಸಹಾಯ ಅದು. ಏಪ್ರಿಲ್‌ನಲ್ಲಿ ಇದೇ ವಿಮಾನಗಳಲ್ಲಿ ಜನರನ್ನು ಇಳಿಸಿ ಲಿಮೋನ್ ಬಂದರು ಹಿಡಿದರು, ಮರುದಿನ ಕಾರ್ತಾಗೋ. ಸತ್ತವರು ಸುಮಾರು 2,000 ಅನ್ನೋದು ಸಾಮಾನ್ಯವಾಗಿ ಹೇಳುವ ಅಂದಾಜು. ಅಷ್ಟು ಸಣ್ಣ ದೇಶಕ್ಕೆ ಅದು ಸಣ್ಣ ಸಂಖ್ಯೆಯಲ್ಲ.

ರಾಜಧಾನಿಗಾಗಿ ಹೊಡೆದಾಟ ಆಗಲಿಲ್ಲ. ಕಮ್ಯುನಿಸ್ಟ್ ನಾಯಕ ಮೋರಾ ರಾತ್ರಿ ಒಂದು ಬೆಟ್ಟದ ಮೇಲೆ ಫಿಗೇರೆಸ್‌ನ ಭೇಟಿ ಮಾಡಿದ. ಕಾರ್ಮಿಕರಿಗೆ ಸಿಕ್ಕಿದ್ದ ವಿಮೆ, ಕಾನೂನು ಯಾವುದನ್ನೂ ಮುಟ್ಟಲ್ಲ ಅನ್ನೋ ಮಾತು ಪಡೆದ. ಏಪ್ರಿಲ್ 19ರಂದು ಮೆಕ್ಸಿಕೋ ರಾಯಭಾರ ಕಚೇರಿಯಲ್ಲಿ ಒಪ್ಪಂದ ಆಯಿತು. ಸೋತವರ ಪ್ರಾಣ, ಆಸ್ತಿಗೆ ರಕ್ಷಣೆ ಕೊಡ್ತೀವಿ ಅಂತ ಅದರಲ್ಲಿ ಬರೆದಿತ್ತು. ಇದರಲ್ಲಿ ಎಷ್ಟು ಉಳಿಯಿತು, ಎಷ್ಟು ಮುರಿಯಿತು ಅನ್ನೋದು ಮುಂದೆ.

ಯುದ್ಧ ಗೆದ್ದವನ ಕೈಯಲ್ಲಿ ಬಂದೂಕು ಇದೆ. ಬೀದಿಯಲ್ಲಿ ಜೈಕಾರ ಇದೆ. ಕಾನೂನುಬದ್ಧ ಸರ್ಕಾರ ಇಲ್ಲ. ಇತಿಹಾಸದಲ್ಲಿ ಈ ಜಾಗಕ್ಕೆ ಬಂದು ನಿಂತವರು ಎಷ್ಟೋ ಜನ. ಅವರಲ್ಲಿ ಹೆಚ್ಚಿನವರು ಮುಂದೇನು ಮಾಡಿದರು ಅನ್ನೋದು ಎಲ್ಲರಿಗೂ ಗೊತ್ತು. ಕೆಲವು ತಿಂಗಳು ಮಾತ್ರ ಅಂತ ಶುರುವಾಗಿ ಇಪ್ಪತ್ತು ವರ್ಷ ಕೂತರು.

ಮೇ 1ರಂದು ಫಿಗೇರೆಸ್ ಮತ್ತು ಉಲಾತೆ ಒಂದು ಕಾಗದಕ್ಕೆ ಸಹಿ ಹಾಕಿದರು. ಫಿಗೇರೆಸ್‌ನ ತಾತ್ಕಾಲಿಕ ಮಂಡಳಿ, ಅಲ್ಲಿನವರು ಜುಂತಾ ಅನ್ನೋದು, 18 ತಿಂಗಳು ಆಳಬೇಕು. ಅಷ್ಟರೊಳಗೆ ಜನ ಆರಿಸಿದ ಸಭೆಯಿಂದ ಹೊಸ ಸಂವಿಧಾನ ಆಗಬೇಕು. ಆಮೇಲೆ ಚುನಾವಣೆ ಗೆದ್ದಿದ್ದ ಉಲಾತೆಗೆ ಅಧಿಕಾರ. ಮೇ 8ಕ್ಕೆ ಜುಂತಾ ಕೆಲಸ ಶುರು ಮಾಡಿತು. ಅದರಲ್ಲಿ ಬೆನ್ಹಮಿನ್ ನೂನ್ಯೆಸ್ ಅನ್ನೋ ಪಾದ್ರಿ ಕಾರ್ಮಿಕ ಮಂತ್ರಿ, ಆಲ್ಬರ್ಟೊ ಮಾರ್ತೆನ್ ಅರ್ಥ ಮಂತ್ರಿ, ಎಡ್ಗರ್ ಕಾರ್ದೋನಾ ಭದ್ರತಾ ಮಂತ್ರಿ. ಈ ಕೊನೆಯ ಹೆಸರು ನೆನಪಿಟ್ಟುಕೊಳ್ಳಿ.

ಜೂನ್ 21ಕ್ಕೆ ಎರಡು ಆಜ್ಞೆ ಬಂತು. ಖಾಸಗಿ ಬ್ಯಾಂಕುಗಳೆಲ್ಲ ಇನ್ನು ಸರ್ಕಾರದ್ದು, ಮತ್ತು ದೊಡ್ಡ ಆಸ್ತಿ ಇರುವವರು ಅದರ 10% ತೆರಿಗೆ ಕಟ್ಟಬೇಕು. ಸಾಲ ಅನ್ನೋದು ಕಾಫಿ ರಫ್ತು ಮಾಡುವ ಕೆಲವೇ ಮನೆತನಗಳ ಕೈಯಲ್ಲಿ ಸಿಕ್ಕಿಕೊಂಡಿದೆ, ಅದನ್ನು ಬಿಡಿಸದೆ ಬೇರೆ ಯಾವ ಕೆಲಸವೂ ಆಗಲ್ಲ ಅನ್ನೋದು ಅವನ ವಾದ. ತಮಾಷೆ ಏನಂದರೆ, ಯುದ್ಧದಲ್ಲಿ ಇವನಿಗೆ ಬೆಂಬಲ ಕೊಟ್ಟಿದ್ದೇ ಆ ಮನೆತನಗಳು. ಕಾಲ್ಡೆರೋನ್‌ನ ಓಡಿಸಿ ಹಳೇ ಕಾಲ ವಾಪಸ್ ತರ್ತಾನೆ ಅಂತ ಅಂದುಕೊಂಡಿದ್ದವರಿಗೆ ದೊಡ್ಡ ಶಾಕ್.

ಇನ್ನು ನಮಗೆ ಹತ್ತಿರದ ವಿಷಯ. ಆಗ ದೇಶದಲ್ಲಿ ಕರೆಂಟ್ ಸಾಲುತ್ತಿರಲಿಲ್ಲ. ಇದ್ದ ದೊಡ್ಡ ವಿದ್ಯುತ್ ಕಂಪನಿ ವಿದೇಶಿಯರದ್ದು. ಹೊಸ ಸ್ಥಾವರಕ್ಕೆ ಹಣ ಹಾಕೋಕೆ ಅವರಿಗೆ ಆಸಕ್ತಿ ಇಲ್ಲ. ಹೋರ್ಹೆ ಮನ್ವೆಲ್ ದೆಂಗೊ ಅನ್ನೋ ಎಂಜಿನಿಯರ್ ಮತ್ತು ಅವನ ಸಂಗಡಿಗರು ಇಡೀ ದೇಶದ ನದಿಗಳನ್ನು ಒಂದೇ ವ್ಯವಸ್ಥೆಯಾಗಿ ನೋಡಿ ಒಂದು ವಿದ್ಯುತ್ ಯೋಜನೆ ಬರೆದಿದ್ದರು. ಬೇರೆ ಸರ್ಕಾರ ಆಗಿದ್ದರೆ ಆ ಫೈಲ್ ಕಪಾಟು ಸೇರುತ್ತಿತ್ತು. 1949ರ ಏಪ್ರಿಲ್ 8ರಂದು ಜುಂತಾ ಐಸಿಇ ಅನ್ನೋ ರಾಷ್ಟ್ರೀಯ ವಿದ್ಯುತ್ ಸಂಸ್ಥೆಯನ್ನು ಹುಟ್ಟುಹಾಕಿತು. ಅದಕ್ಕೆ ಸ್ವಾಯತ್ತತೆ ಕೊಟ್ಟಿತು. ಅಂದರೆ ತಾಂತ್ರಿಕ ನಿರ್ಧಾರ ಎಂಜಿನಿಯರ್‌ಗಳದ್ದು, ಪ್ರತಿ ಚುನಾವಣೆ ಆದಮೇಲೆ ಬರುವ ಮಂತ್ರಿಯದ್ದಲ್ಲ. 1958ರಲ್ಲಿ ಲಾ ಗರೀತಾ ಜಲವಿದ್ಯುತ್ ಸ್ಥಾವರ ಶುರುವಾಯಿತು. ಇವತ್ತು ಆ ದೇಶದ ಕರೆಂಟ್ ಬಹುಪಾಲು ನೀರು, ಭೂಮಿಯೊಳಗಿನ ಶಾಖ, ಗಾಳಿಯಿಂದಲೇ ಬರುತ್ತೆ ಅಂತ ರಿನ್ಯೂವಬಲ್ ಎನರ್ಜಿ ಕ್ಲಾಸಿನಲ್ಲಿ ಉದಾಹರಣೆ ಕೊಡ್ತಾರಲ್ಲ, ಅದರ ಬೇರು ಇಲ್ಲಿದೆ. ಬೋಸ್ಟನ್‌ಗೆ ಹೋಗಿ ಯಾವುದನ್ನು ಕಲಿಯೋಕೆ ಆಗಲಿಲ್ಲವೋ ಅದನ್ನು ಕಲಿತವರಿಗೆ ಜಾಗ ಮಾಡಿಕೊಟ್ಟ.

ಈಗ ಎಲ್ಲರಿಗೂ ಗೊತ್ತಿರುವ ಕಥೆ. 1948ರ ಡಿಸೆಂಬರ್ 1. ಸಾನ್ ಹೊಸೆಯ ಬೆಯಾವಿಸ್ತಾ ಬ್ಯಾರಕ್. ಗೋಡೆಗಳಲ್ಲಿ ಯುದ್ಧದ ಗುಂಡಿನ ತೂತುಗಳು. ಫಿಗೇರೆಸ್ ದೊಡ್ಡ ಸುತ್ತಿಗೆ ಎತ್ತಿ ಗೋಡೆಗೆ ಹೊಡೆದ. ಸೈನ್ಯ ಇವತ್ತಿಗೆ ಮುಗಿಯಿತು ಅಂತ ಘೋಷಿಸಿ, ಬ್ಯಾರಕ್‌ನ ಬೀಗದ ಕೈಯನ್ನು ಶಿಕ್ಷಣ ಮಂತ್ರಿಗೆ ಕೊಟ್ಟ. ಆ ಕಟ್ಟಡ ಈಗ ಆ ದೇಶದ ರಾಷ್ಟ್ರೀಯ ವಸ್ತುಸಂಗ್ರಹಾಲಯ.

ಫೋಟೋ ಚೆನ್ನಾಗಿದೆ. ಆದರೆ ಇದನ್ನು ಬರೀ ಶಾಂತಿಪ್ರಿಯತೆ ಅಂತ ಓದಿದರೆ ಅರ್ಧ ಮಾತ್ರ ಓದಿದ ಹಾಗೆ ಅಂತ ನಮಗನ್ನಿಸುತ್ತೆ. ಆ ಸೈನ್ಯ ಸೋತ ಸರ್ಕಾರದ್ದು, ಅದನ್ನು ಉಳಿಸಿಕೊಂಡರೆ ಫಿಗೇರೆಸ್‌ಗೇ ಅಪಾಯ. ಹೊಸದಾಗಿ ತನ್ನದೇ ಹುಡುಗರಿಂದ ಸೈನ್ಯ ಕಟ್ಟಿದರೆ, ಅವರಲ್ಲೇ ಯಾರೋ ಒಬ್ಬ ನಾಳೆ ಇನ್ನೊಬ್ಬ ತಿನೊಕೊ ಆಗಬಹುದು. ಸೈನ್ಯ ಬೇಡ ಅನ್ನೋ ಸಲಹೆ ಮೊದಲು ಕೊಟ್ಟವನು ಭದ್ರತಾ ಮಂತ್ರಿ ಕಾರ್ದೋನಾ. ಲೆಕ್ಕಾಚಾರ ಇತ್ತು, ಸಂಶಯ ಬೇಡ. ಆದರೂ ಒಂದು ಮಾತು. ಸೈನ್ಯ ಮುಚ್ಚಿದ ದಿನ ಅವನು ಎದುರಾಳಿಯ ಅಸ್ತ್ರವನ್ನು ಮಾತ್ರ ಅಲ್ಲ, 18 ತಿಂಗಳಾದ ಮೇಲೂ ಕುರ್ಚಿಯಲ್ಲೇ ಇರೋಕೆ ತನಗೆ ಬೇಕಾಗುತ್ತಿದ್ದ ಅಸ್ತ್ರವನ್ನೂ ಕಳೆದುಕೊಂಡ. ಇದು ಅವನಿಗೆ ಗೊತ್ತಿರಲಿಲ್ಲ ಅಂತ ಯಾರೂ ಹೇಳೋಕಾಗಲ್ಲ.

ಟೆಸ್ಟಿಂಗ್ ತಕ್ಷಣವೇ ಬಂತು. ಹತ್ತು ದಿನ ಕಳೆಯುವಷ್ಟರಲ್ಲಿ ಕಾಲ್ಡೆರೋನ್ ಬೆಂಬಲಿಗರು ನಿಕರಾಗುವಾ ಕಡೆಯಿಂದ ಗಡಿ ದಾಟಿ ನುಗ್ಗಿದರು. ಅಲ್ಲಿನ ಸರ್ವಾಧಿಕಾರಿ ಸೊಮೋಸಾ ಅವರ ಬೆನ್ನಿಗಿದ್ದ. ಫಿಗೇರೆಸ್ ಅಮೆರಿಕ ಖಂಡದ ರಾಷ್ಟ್ರಗಳ ಸಂಘಟನೆಯ ಬಾಗಿಲು ತಟ್ಟಿದ, ವಿಚಾರಣಾ ತಂಡ ಬಂತು, ದಾಳಿ ನಿಂತಿತು. ಎರಡನೇ ಟೆಸ್ಟ್ ಒಳಗಿನಿಂದ. 1949ರ ಏಪ್ರಿಲ್ 2ರಂದು ಒಬ್ಬ ಮಂತ್ರಿ ಬ್ಯಾರಕ್ ಹಿಡಿದು ಕೂತ. ಬ್ಯಾಂಕ್ ರಾಷ್ಟ್ರೀಕರಣ ರದ್ದಾಗಬೇಕು, 10% ತೆರಿಗೆ ಹೋಗಬೇಕು, ಮಾರ್ತೆನ್ ಮತ್ತು ಪಾದ್ರಿ ನೂನ್ಯೆಸ್ ರಾಜೀನಾಮೆ ಕೊಡಬೇಕು ಅಂತ ಬೇಡಿಕೆ. ಆ ಮಂತ್ರಿ ಯಾರು ಗೊತ್ತಾ? ಎಡ್ಗರ್ ಕಾರ್ದೋನಾ. ಸೈನ್ಯ ಬೇಡ ಅಂದವನೇ! ಮರುದಿನ ಸೋತ, ಆದರೆ ಅಷ್ಟರಲ್ಲಿ ಕೆಲವರ ಪ್ರಾಣ ಹೋಗಿತ್ತು.

ಅತಿ ಕಷ್ಟದ ಪರೀಕ್ಷೆ ಮಾತ್ರ ಬಂದೂಕಿನದ್ದಲ್ಲ, ಮತಪೆಟ್ಟಿಗೆಯದ್ದು. ಸಂವಿಧಾನ ರಚನಾ ಸಭೆಗೆ 1948ರ ಡಿಸೆಂಬರ್ 8ರಂದು ಚುನಾವಣೆ ನಡೆಯಿತು. 45 ಸ್ಥಾನದಲ್ಲಿ ಉಲಾತೆಯ ಪಕ್ಷಕ್ಕೆ 34. ಫಿಗೇರೆಸ್ ಕಡೆಯ ಸೋಶಿಯಲ್ ಡೆಮಾಕ್ರಟಿಕ್ ಪಕ್ಷಕ್ಕೆ 4. ನಾಲ್ಕು! ಯುದ್ಧ ಗೆದ್ದು ಏಳು ತಿಂಗಳಾಗಿದೆ ಅಷ್ಟೇ. ಅವನ ಜುಂತಾ ಕಷ್ಟಪಟ್ಟು ತಯಾರು ಮಾಡಿದ್ದ ಹೊಸ ಸಂವಿಧಾನದ ಕರಡನ್ನು ಆ ಸಭೆ ಪಕ್ಕಕ್ಕಿಟ್ಟು, 1871ರ ಹಳೇ ಸಂವಿಧಾನವನ್ನೇ ಆಧಾರ ಮಾಡಿಕೊಂಡಿತು. ಆಜ್ಞೆ ಹೊರಡಿಸುವ ಅಧಿಕಾರ ಇನ್ನೂ ಅವನ ಕೈಯಲ್ಲೇ ಇತ್ತು, ಸಭೆಯನ್ನೇ ಬರಖಾಸ್ತು ಮಾಡಬಹುದಿತ್ತು. ಮಾಡಲಿಲ್ಲ. ಅವನ ಪಕ್ಷದ ಆ ನಾಲ್ಕು ಜನ, ಮುಖ್ಯವಾಗಿ ರೊಡ್ರಿಗೊ ಫಾಸಿಯೊ ಅನ್ನೋ ಅರ್ಥಶಾಸ್ತ್ರಜ್ಞ, ಸಭೆಯಲ್ಲಿ ಕೂತು ಒಂದೊಂದೇ ಕಲಮಿಗೆ ವಾದ ಮಾಡಿದರು, ಸೋತರು, ಮತ್ತೆ ವಾದ ಮಾಡಿದರು. ತಮ್ಮ ಕರಡಿನ ಎಷ್ಟೋ ವಿಷಯಗಳನ್ನು ಹೀಗೆ ಬಿಡಿಬಿಡಿಯಾಗಿ ಒಳಗೆ ಸೇರಿಸಿದರು. ನಮಗೆ ಈ ಇಡೀ ಜೀವನದಲ್ಲಿ ಸುತ್ತಿಗೆಯ ಫೋಟೋಗಿಂತ ಇಷ್ಟ ಆಗಿದ್ದು ಈ ಭಾಗ. ಇದರ ಫೋಟೋ ಯಾರೂ ಸ್ಟೇಟಸ್‌ಗೆ ಹಾಕಲ್ಲ.

1949ರ ನವೆಂಬರ್ 7ಕ್ಕೆ ಸಂವಿಧಾನ ಸಿದ್ಧವಾಯಿತು. 12ನೇ ಕಲಂ ಪ್ರಕಾರ ಸ್ಥಾಯಿ ಸೈನ್ಯ ಇಲ್ಲ. ದೇಶದ ರಕ್ಷಣೆಗೆ ಅಥವಾ ಖಂಡದ ಒಪ್ಪಂದಕ್ಕೆ ಬೇಕಾದರೆ ಮಾತ್ರ ಪಡೆ ಕಟ್ಟಬಹುದು, ಅದೂ ಯಾವಾಗಲೂ ಜನರ ಸರ್ಕಾರದ ಕೈಕೆಳಗೆ. ಹೆಂಗಸರಿಗೆ ಮತದಾನದ ಹಕ್ಕು. ಲಿಮೋನ್ ಕಡೆಯ ಕಪ್ಪುಜನರಲ್ಲಿ ಎಷ್ಟೋ ಮಂದಿ ಅಲ್ಲೇ ಹುಟ್ಟಿ ಬೆಳೆದಿದ್ದರೂ ಪರದೇಶಿಗಳೆಂದೇ ಲೆಕ್ಕ ಆಗಿದ್ದವರು, ಅವರಿಗೂ ಆ ವರ್ಷ ಪೌರತ್ವದ ದಾರಿ ಸಲೀಸಾಯಿತು. ಇವೆಲ್ಲಕ್ಕಿಂತ ತಾಂತ್ರಿಕವಾಗಿ ಚೆಂದದ ಭಾಗ ಸರ್ವೋಚ್ಚ ಚುನಾವಣಾ ಮಂಡಳಿ. ಯುದ್ಧ ಶುರುವಾಗಿದ್ದೇ ಮತ ಎಣಿಕೆಯ ಜಗಳದಿಂದ ಅಲ್ವಾ? 1948ರಲ್ಲಿ ಮಂಡಳಿ ಹೇಳಿದ ಫಲಿತಾಂಶವನ್ನು ಸಂಸತ್ತು ಅಳಿಸಿಹಾಕಿತ್ತು. ಹೊಸ ವ್ಯವಸ್ಥೆಯಲ್ಲಿ ಮಂಡಳಿ ಹೇಳಿದ್ದೇ ಕೊನೆ, ಅದನ್ನು ಸಂಸತ್ತೂ ಅಧ್ಯಕ್ಷನೂ ಮುಟ್ಟುವ ಹಾಗಿಲ್ಲ. ಮಂಡಳಿಯ ಸದಸ್ಯರನ್ನು ಆರಿಸೋದು ಸುಪ್ರೀಂ ಕೋರ್ಟ್. ಚುನಾವಣೆ ಸಮಯದಲ್ಲಿ ಪೊಲೀಸರೂ ಅದರ ಮಾತು ಕೇಳಬೇಕು. ಲ್ಯಾಬ್‌ನಲ್ಲಿ ಎಂಸಿಬಿ ಟ್ರಿಪ್ ಆಗೋವಾಗ ಸ್ವಿಚ್ ಹಾಕಿದವನು ಎಚ್‌ಒಡಿನಾ, ಫಸ್ಟ್ ಇಯರ್ ಹುಡುಗನಾ ಅಂತ ನೋಡಲ್ಲ. ಹಾಗೆ.

ಮರುದಿನ ನವೆಂಬರ್ 8. ಸರಿಯಾಗಿ 18 ತಿಂಗಳು. ಫಿಗೇರೆಸ್ ಅಧಿಕಾರವನ್ನು ಉಲಾತೆಗೆ ಒಪ್ಪಿಸಿದ. ಇಬ್ಬರಿಗೂ ಅಷ್ಟೊತ್ತಿಗೆ ಅಷ್ಟಕ್ಕಷ್ಟೇ.

ಇಲ್ಲಿಗೆ ನಿಲ್ಲಿಸಿದರೆ ಒಳ್ಳೆ ಸಿನಿಮಾ ಆಗುತ್ತೆ. ಆದರೆ ಆ 18 ತಿಂಗಳಲ್ಲಿ ಆದ ಬೇರೆ ವಿಷಯಗಳನ್ನು ಬಿಟ್ಟರೆ ನಾವು ಬರೆದದ್ದು ಸುಳ್ಳಾಗುತ್ತೆ. ಮೋರಾಗೆ ಕೊಟ್ಟ ಮಾತಿನಂತೆ ಕಾರ್ಮಿಕ ಕಾನೂನು, ವಿಮೆ ಉಳಿದವು. ಆದರೆ ಮೋರಾನ ಪಕ್ಷವನ್ನೇ ನಿಷೇಧ ಮಾಡಿದರು, ಅವನ ಕಡೆಯ ಕಾರ್ಮಿಕ ಸಂಘಗಳನ್ನು ಮುಚ್ಚಿದರು, ಅವನು ದೇಶ ಬಿಟ್ಟ. ಸೋತವರನ್ನು ವಿಚಾರಣೆ ಮಾಡೋಕೆ ವಿಶೇಷ ನ್ಯಾಯಮಂಡಳಿ ತಂದರು, ಅಲ್ಲಿ ಮೇಲ್ಮನವಿಗೆ ಅವಕಾಶ ಇರಲಿಲ್ಲ. ಎಷ್ಟೋ ಸರ್ಕಾರಿ ನೌಕರರು ಕೆಲಸ ಕಳೆದುಕೊಂಡರು, ಎಷ್ಟೋ ಕುಟುಂಬಗಳು ಊರು ಬಿಟ್ಟವು. ಸೈನ್ಯ ಮುಚ್ಚಿ ಮೂರು ವಾರ ಆಗಿರಲಿಲ್ಲ, ಡಿಸೆಂಬರ್ 19ರ ರಾತ್ರಿ ಲಿಮೋನ್ ಜೈಲಿನಿಂದ ಆರು ಕೈದಿಗಳನ್ನು ರೈಲಿನಲ್ಲಿ ಕರೆದುಕೊಂಡು ಹೊರಟರು. ಎಲ್ಲರೂ ಸೋತ ಪಕ್ಷದವರು. ಕೋಡೊ ದೆಲ್ ದಿಯಾಬ್ಲೊ, ಸೈತಾನನ ಮೊಣಕೈ ಅನ್ನೋ ತಿರುವಿನಲ್ಲಿ ಆ ಆರೂ ಜನರನ್ನು ಗುಂಡಿಟ್ಟು ಕೊಂದರು. ಕೊಂದವರು ಜುಂತಾದ ಪಡೆಯವರು. ಪ್ರಾಣ ರಕ್ಷಣೆಯ ಮಾತು ಕೊಟ್ಟ ಸರ್ಕಾರದ ಕಾಲದಲ್ಲೇ ಇದು ಆಯಿತು. ಸುತ್ತಿಗೆ ಫೋಟೋದ ತಿಂಗಳೇ ಇದು.

ಆಮೇಲಿನದನ್ನು ಬೇಗ ಹೇಳಿಬಿಡ್ತೀವಿ. 1951ರಲ್ಲಿ ಫಿಗೇರೆಸ್ ರಾಷ್ಟ್ರೀಯ ವಿಮೋಚನಾ ಪಕ್ಷ ಕಟ್ಟಿದ. 1953ರಲ್ಲಿ ಈ ಸಲ ಮತಪೆಟ್ಟಿಗೆಯಿಂದಲೇ ಗೆದ್ದು ಅಧ್ಯಕ್ಷನಾದ. ಬಾಳೆಹಣ್ಣಿನ ದೈತ್ಯ ಯುನೈಟೆಡ್ ಫ್ರೂಟ್ ಕಂಪನಿಯ ಜೊತೆ ಕೂತು ಲಾಭದಲ್ಲಿ ದೇಶದ ಪಾಲು ಹೆಚ್ಚಿಸಿಕೊಂಡ. 1955ರ ಜನವರಿಯಲ್ಲಿ ನಿಕರಾಗುವಾ ಕಡೆಯಿಂದ ಮತ್ತೆ ದಾಳಿ, ಈ ಸಲ ವಿಮಾನದ ಜೊತೆ. ಅಮೆರಿಕ ಇವನಿಗೆ ನಾಲ್ಕು ಮಸ್ಟಾಂಗ್ ಯುದ್ಧವಿಮಾನಗಳನ್ನು ಒಂದಕ್ಕೆ ಒಂದು ಡಾಲರ್ ಲೆಕ್ಕದಲ್ಲಿ ಮಾರಿತು. ನಾಲ್ಕು ಡಾಲರ್‌ಗೆ ವಾಯುಪಡೆ! ದಾಳಿ ನಿಂತಿತು. 1958ರಲ್ಲಿ ಅವನ ಪಕ್ಷ ಒಡೆದು ಸೋತಿತು, ವಿರೋಧ ಪಕ್ಷದ ಮಾರಿಯೊ ಎಚಾಂದಿ ಗೆದ್ದ, ಫಿಗೇರೆಸ್ ಅಧಿಕಾರ ಕೊಟ್ಟು ಹೋದ. ಅದೇ ವರ್ಷ ಕಾಲ್ಡೆರೋನ್ ಗಡೀಪಾರಿನಿಂದ ವಾಪಸ್ ಬಂದ, 1962ರಲ್ಲಿ ಅಧ್ಯಕ್ಷ ಚುನಾವಣೆಗೂ ನಿಂತು ಸೋತ. ಹತ್ತು ವರ್ಷದ ಹಿಂದೆ ಸೈನ್ಯ ಕಟ್ಟಿಕೊಂಡು ಬಂದವನು ಈಗ ಮತ ಕೇಳ್ತಾ ಓಡಾಡಿದ. ಇದೇ ಸಮಯದಲ್ಲಿ, ಫಿಗೇರೆಸ್‌ಗೆ ಬಂದೂಕು ಕೊಟ್ಟಿದ್ದ ಗ್ವಾಟೆಮಾಲಾದಲ್ಲಿ 1954ರಲ್ಲಿ ಚುನಾಯಿತ ಸರ್ಕಾರ ಉರುಳಿತ್ತು. ಅಲ್ಲಿ 1960ರಲ್ಲಿ ಶುರುವಾದ ಅಂತರ್ಯುದ್ಧ ಮುಗಿಯೋಕೆ 1996 ಆಯಿತು.

1970ರಲ್ಲಿ ಮತ್ತೆ ಅಧ್ಯಕ್ಷನಾದಾಗ ಅವನಿಗೆ 63. ಮರುವರ್ಷ ಸಾನ್ ಹೊಸೆ ವಿಮಾನ ನಿಲ್ದಾಣಕ್ಕೆ ಹೈಜಾಕ್ ಆದ ವಿಮಾನ ಬಂದಾಗ ಈ ಸೈನ್ಯ ಮುಚ್ಚಿದ ಅಧ್ಯಕ್ಷ ಸ್ವತಃ ಮಷಿನ್ ಗನ್ ಹಿಡಿದು ಅಲ್ಲಿಗೆ ಹೋದ. ಆದರೆ ಈ ಅವಧಿಯ ಹೆಸರು ಕೆಡಿಸಿದ್ದು ರಾಬರ್ಟ್ ವೆಸ್ಕೊ. ಅಮೆರಿಕದಲ್ಲಿ ಹೂಡಿಕೆದಾರರ ಕೋಟ್ಯಂತರ ಡಾಲರ್ ನುಂಗಿದ ಆರೋಪ ಹೊತ್ತು ಓಡಿಬಂದವನಿಗೆ ಫಿಗೇರೆಸ್ ಆಶ್ರಯ ಕೊಟ್ಟ. ಆ ವೆಸ್ಕೊ ಫಿಗೇರೆಸ್ ಸ್ಥಾಪಿಸಿದ್ದ ಕಂಪನಿಗೇ ಹಣ ಹಾಕಿದ್ದ. ಸಿಐಎ ಜೊತೆ ಕೆಲಸ ಮಾಡಿದ್ದು ಹೌದು ಅಂತಲೂ ಆಮೇಲೆ ಒಪ್ಪಿಕೊಂಡ. ತನ್ನ ಕೈಗೆ ಹಗ್ಗ ಕಟ್ಟಿಕೊಳ್ಳೋ ವ್ಯವಸ್ಥೆ ಮಾಡಿದವನೂ ಹಗ್ಗ ತಲುಪದ ಜಾಗದಲ್ಲಿ ಎಡವಿದ.

ಫಿಗೇರೆಸ್ ತೀರಿಹೋದದ್ದು 1990ರ ಜೂನ್ 8ರಂದು, 83ನೇ ವಯಸ್ಸಿನಲ್ಲಿ. ಆಗ ದೇಶದ ಅಧ್ಯಕ್ಷ ಯಾರಾಗಿದ್ದ ಗೊತ್ತಾ? ಸರಿಯಾಗಿ ಒಂದು ತಿಂಗಳ ಹಿಂದೆ ಅಧಿಕಾರಕ್ಕೆ ಬಂದ ರಫಾಯೆಲ್ ಆಂಹೆಲ್ ಕಾಲ್ಡೆರೋನ್ ಫೂರ್ನಿಯೆ. ಯುದ್ಧ ಸೋತ ಕಾಲ್ಡೆರೋನ್‌ನ ಮಗ, 1949ರಲ್ಲಿ ಅಪ್ಪ ಗಡೀಪಾರಾಗಿದ್ದಾಗ ನಿಕರಾಗುವಾದಲ್ಲಿ ಹುಟ್ಟಿದವನು.

ನಾಲ್ಕು ವರ್ಷ ಆದಮೇಲೆ ಚುನಾವಣೆ ನಡೆಯಿತು. ಈ ಸಲ ಗೆದ್ದವನು ಹೊಸೆ ಮರಿಯಾ ಫಿಗೇರೆಸ್ ಓಲ್ಸೆನ್, ಡಾನ್ ಪೆಪೆಯ ಮಗ. ಇವನು ಎಂಜಿನಿಯರಿಂಗ್ ಡಿಗ್ರಿ ಮುಗಿಸಿದ್ದ, ಅದೂ ಅಮೆರಿಕದ ವೆಸ್ಟ್ ಪಾಯಿಂಟ್ ಮಿಲಿಟರಿ ಅಕಾಡೆಮಿಯಲ್ಲಿ. 1994ರ ಮೇ 8ರಂದು ಕಾಲ್ಡೆರೋನ್‌ನ ಮಗ ಫಿಗೇರೆಸ್‌ನ ಮಗನಿಗೆ ಅಧಿಕಾರ ಒಪ್ಪಿಸಿದ. ಅಪ್ಪ ಫಿಗೇರೆಸ್‌ನ ಜುಂತಾ ಕೆಲಸ ಶುರು ಮಾಡಿದ್ದೂ ಮೇ 8ರಂದೇ, ಅದಕ್ಕೆ 46 ವರ್ಷದ ಹಿಂದೆ.